ಬ್ರಾವೊ ಪ್ರಕರಣದ ವಿಷ ಯಾವ ಪಾತ್ರೆಯಲ್ಲಿತ್ತು?

ತೀರ್ಥಹಳ್ಳಿಯ ಓದುಗರಿಗೆ,

1876ರಲ್ಲಿ ವಿಷದಿಂದ ಸತ್ತ ಲಂಡನ್ನಿನ ವಕೀಲ ಚಾರ್ಲ್ಸ್ ಬ್ರಾವೊ ಕೊಲೆಯ ಬಗ್ಗೆ ನಮ್ಮಲ್ಲಿ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಊಟದ ವೈನಿಗೆ ವಿಷ ಬಿದ್ದದ್ದು ಅಷ್ಟು ಸ್ಪಷ್ಟವಿರುವಾಗ ಅದನ್ನು ಮುಟ್ಟಿದವರನ್ನು ಹಿಡಿಯಲಿಲ್ಲವೇಕೆ? ದೊಡ್ಡವರ ಮನೆ ಅಂತ ಎಲ್ಲರೂ ಸೇರಿ ಮುಚ್ಚಿಹಾಕಿದರೇ? ಇದೇ ಎಳೆ ಹಿಡಿದು ಕಿರುಕಾದಂಬರಿ ಬರೆಯುತ್ತಿದ್ದೀರಂತೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿಯೇ ಇದೆ.

ವೈನಿನ ಮೇಲೆ ಅನುಮಾನ ಬರುವುದು ಸಹಜ. 1876ರ ಏಪ್ರಿಲ್ 18ರ ರಾತ್ರಿ ಲಂಡನ್ನಿನ ದಕ್ಷಿಣಕ್ಕಿರುವ ಬಾಲಂನ 'ಪ್ರಯರಿ' ಮನೆಯಲ್ಲಿ ಊಟಕ್ಕೆ ಕೂತವರು ಮೂವರು: ಚಾರ್ಲ್ಸ್, ಹೆಂಡತಿ ಫ್ಲಾರೆನ್ಸ್, ಆಕೆಯ ಸಂಗಾತಿಯಾಗಿ ಮನೆಯಲ್ಲೇ ಇದ್ದ ವಿಧವೆ ಜೇನ್ ಕಾಕ್ಸ್. ಹೆಂಗಸರಿಬ್ಬರೂ ಕುಡಿದದ್ದು ಶೆರ್ರಿ, ಬರ್ಗಂಡಿ ಎಂಬ ಇನ್ನೊಂದು ವೈನ್ ಕುಡಿದವನು ಚಾರ್ಲ್ಸ್ ಒಬ್ಬನೇ. ಆದರೆ ಗಡಿಯಾರ ಈ ಊಹೆಗೆ ಒಪ್ಪುವುದಿಲ್ಲ. ಅವನ ಹೊಟ್ಟೆ ಸೇರಿದ್ದು ಟಾರ್ಟರ್ ಎಮೆಟಿಕ್, ಅಂದರೆ ಆಂಟಿಮನಿಯ ಒಂದು ಲವಣ. ವೈದ್ಯರು ವಾಂತಿ ಮಾಡಿಸಲು ಕೊಡುತ್ತಿದ್ದುದು ಒಂದೆರಡು ಗ್ರೇನ್. ಚಾರ್ಲ್ಸ್‌ನ ದೇಹಕ್ಕೆ ಹೋಗಿದ್ದು ಸುಮಾರು 30ರಿಂದ 40 ಗ್ರೇನ್, ನಮ್ಮ ಲೆಕ್ಕದಲ್ಲಿ ಎರಡು, ಎರಡೂವರೆ ಗ್ರಾಂ. ಅಷ್ಟು ಪ್ರಮಾಣ ಸಾಮಾನ್ಯವಾಗಿ ಕಾಲು ಗಂಟೆ, ಅರ್ಧ ಗಂಟೆಯಲ್ಲೇ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸುತ್ತದೆ. ಊಟ ಮುಗಿದು ಗಂಟೆ ಮೀರಿದ ಮೇಲೆ, ಒಂಬತ್ತೂಮುಕ್ಕಾಲರ ಸುಮಾರಿಗೆ, ಅವನು ಮಲಗುವ ಕೋಣೆಯಿಂದ ಹೊರಬಂದು ಬಿಸಿನೀರು ತನ್ನಿ ಎಂದು ಕೂಗಿದ.

ಹೀಗಾಗಿ ನಮ್ಮ ಅನುಮಾನವೆಲ್ಲ ಕೋಣೆಯ ನೀರಿನ ಬಾಟಲಿಯ ಮೇಲೆ. ಮಲಗುವ ಮುಂಚೆ ಲೋಟಕ್ಕೂ ಬಗ್ಗಿಸಿಕೊಳ್ಳದೆ ಬಾಟಲಿ ಎತ್ತಿ ಗಟಗಟ ಕುಡಿಯುವ ಅಭ್ಯಾಸ ಅವನಿಗಿತ್ತು. ಟಾರ್ಟರ್ ಎಮೆಟಿಕ್ ನೀರಿನಲ್ಲಿ ಬಣ್ಣವಿಲ್ಲದೆ ಕರಗುತ್ತದೆ, ರುಚಿಯೂ ಅಷ್ಟಾಗಿ ಹತ್ತುವುದಿಲ್ಲ. ಹೆಂಡತಿಗೆ ಗರ್ಭಪಾತವಾಗಿ ಕೆಲವೇ ದಿನವಾಗಿದ್ದರಿಂದ ಅವನು ಬೇರೆ ಕೋಣೆಯಲ್ಲಿ ಮಲಗುತ್ತಿದ್ದ. ಆ ಬಾಟಲಿಯ ನೀರು ಇನ್ನೊಬ್ಬರ ಬಾಯಿಗೆ ಹೋಗುವ ಭಯ ವಿಷ ಹಾಕಿದವರಿಗೆ ಇರಲಿಲ್ಲ. ಕಾದಂಬರಿಕಾರರು ಹೆಚ್ಚಾಗಿ ಕೊಲೆಯ ಉದ್ದೇಶ ಹುಡುಕುತ್ತಾ ಕೂರುತ್ತಾರೆ. ಇಂಥ ಮನೆಯಲ್ಲಿ ಮೊದಲು ಬರೆದುಕೊಳ್ಳಬೇಕಾದ್ದು ದಿನಚರಿ: ಬಾಟಲಿ ತುಂಬಿಸಿದ್ದು ಯಾವಾಗ, ಆಮೇಲೆ ಮಹಡಿ ಹತ್ತಿದವರು ಯಾರು, ಕೆಲಸದವಳು ಯಾವ ಹೊತ್ತಿಗೆ ಯಾವ ಬಾಗಿಲಲ್ಲಿದ್ದಳು.

ಸಾಕ್ಷ್ಯ ಹಾಳಾದದ್ದೂ ಈ ದಿನಚರಿಯಿಂದಲೇ. ಬೋಗುಣಿಗೆ ಆದ ವಾಂತಿಯನ್ನು ಕೆಲಸದವಳು ತೊಳೆದಿಟ್ಟಳು. ಒಳ್ಳೆಯ ಮನೆಯಲ್ಲಿ ಅದೇ ಕ್ರಮ. ಉಳಿದದ್ದು ಅವನು ಕಿಟಕಿಯಿಂದಾಚೆ ಕಾರಿಕೊಂಡಿದ್ದು ಮಾತ್ರ. ಕೆಳಗಿನ ಸೀಸದ ಹಾಳೆ ಹೊದಿಸಿದ ಮಾಡಿನ ಮೇಲೆ ಬಿದ್ದಿದ್ದನ್ನು ಆಮೇಲೆ ಕೆರೆದು ತೆಗೆದು ಪರೀಕ್ಷಿಸಿದಾಗ ಆಂಟಿಮನಿ ಸಿಕ್ಕಿತು. ಬಾಟಲಿಯನ್ನು ಆ ರಾತ್ರಿ ಯಾರೂ ಮುಚ್ಚಿ ಮೊಹರು ಮಾಡಲಿಲ್ಲ. ಚಾರ್ಲ್ಸ್ ಏಪ್ರಿಲ್ 21ರ ಬೆಳಗಿನ ಜಾವದವರೆಗೂ ನರಳಿದ. ಸರ್ ವಿಲಿಯಂ ಗಲ್ ಅವರಂಥ ವೈದ್ಯರು ಕೇಳಿದರೂ ಅವನ ಉತ್ತರ ಒಂದೇ: ಹಲ್ಲುನೋವಿಗೆ ವಸಡಿಗೆ ಲಾಡನಂ (ಅಫೀಮಿನ ದ್ರಾವಣ) ಉಜ್ಜಿಕೊಂಡಿದ್ದೆ, ಬೇರೇನೂ ಇಲ್ಲ. ತಾನು ವಿಷ ತಗೊಂಡೆನೆಂದು ಅವನೇ ತನ್ನೆದುರು ಒಪ್ಪಿಕೊಂಡ ಅಂತ ಕಾಕ್ಸ್ ಹೇಳಿದಳು. ಆತ್ಮಹತ್ಯೆಯ ವಾದಕ್ಕೆ ಮುಖ್ಯ ಆಧಾರ ಈ ಒಂದು ಮಾತು, ನಮಗೆ ಅದು ನಂಬಿಕೆ ಹುಟ್ಟಿಸುವುದಿಲ್ಲ.

ಎರಡನೇ ಪ್ರಶ್ನೆಗೆ ಬಂದರೆ, ಮೊದಲ ಶವವಿಚಾರಣೆ, ಅಂದರೆ ಸಾವು ಹೇಗಾಯಿತೆಂದು ಜ್ಯೂರಿ ಕೂತು ತಿಳಿಯುವ ವಿಚಾರಣೆ, ಆ ಮನೆಯಲ್ಲೇ ಅವಸರದಲ್ಲಿ ಮುಗಿದದ್ದು ನಿಜ. ಆದರೆ ಆ ತೀರ್ಪು ರದ್ದಾಗಿ, ಜುಲೈ 11ರಿಂದ ಆಗಸ್ಟ್ 11ರವರೆಗೆ ಬಾಲಂನ ಬೆಡ್‌ಫರ್ಡ್ ಹೋಟೆಲಿನಲ್ಲಿ ಎರಡನೇ ವಿಚಾರಣೆ ನಡೆಯಿತು. ಅಲ್ಲಿ ಯಾರ ಮಾನವೂ ಉಳಿಯಲಿಲ್ಲ. ಆ ಕಾಲದ ಕ್ರಿಮಿನಲ್ ಮೊಕದ್ದಮೆಯಲ್ಲಿ ಕೊಲೆಯ ಆರೋಪಿ ಪ್ರಮಾಣ ಮಾಡಿ ಸಾಕ್ಷಿ ಹೇಳುವಂತಿರಲಿಲ್ಲ. ಆ ಅವಕಾಶ ಎಲ್ಲ ಆರೋಪಿಗಳಿಗೂ ಬಂದದ್ದು 1898ರಲ್ಲಿ. ಶವವಿಚಾರಣೆಯಲ್ಲಿ ಆರೋಪಿ ಅಂತಲೇ ಯಾರೂ ಇಲ್ಲ, ಆದ್ದರಿಂದ ಫ್ಲಾರೆನ್ಸಳನ್ನು ಸಾಕ್ಷಿಯಾಗಿ ನಿಲ್ಲಿಸಿ ಬೇಕಾದ್ದೆಲ್ಲ ಕೇಳಿದರು. ಮಾಲ್ವರ್ನ್‌ನಲ್ಲಿ ಜಲಚಿಕಿತ್ಸೆಯಿಂದ ಹೆಸರಾಗಿದ್ದ, ವಯಸ್ಸಿನಲ್ಲಿ ತಂದೆಯಂತಿದ್ದ ಡಾ. ಜೇಮ್ಸ್ ಗಲ್ಲಿ ಜೊತೆಗಿನ ಹಳೆಯ ಸಂಬಂಧ ಊರಿಗೆಲ್ಲ ಗೊತ್ತಾಯಿತು. ನಿಮ್ಮ ಕಥೆಯಲ್ಲಿ ಗಂಡನಿಗೆ ಈ ಗುಟ್ಟು ತಿಳಿದು ಕೊಲೆಯಾಗುತ್ತದೆ. ನಿಜದಲ್ಲಿ ಮದುವೆಗೆ ಮುಂಚೆಯೇ ಅವಳು ಅವನಿಗೆ ಹೇಳಿದ್ದಳು, ತನಗೂ ಮೇಡನ್‌ಹೆಡ್‌ನಲ್ಲಿ ಒಬ್ಬಳಿದ್ದಳೆಂದು ಅವನೂ ಒಪ್ಪಿಕೊಂಡಿದ್ದ. ಜಗಳ ಹಣದ ಸುತ್ತ ಇತ್ತು. ಮೊದಲ ಗಂಡನಿಂದ ಅವಳಿಗೆ ಬಂದದ್ದು 40,000 ಪೌಂಡ್. ಮದುವೆಯ ಕರಾರಿನಲ್ಲಿ ಅದನ್ನು ಅವಳು ಕಟ್ಟಿಟ್ಟುಕೊಂಡಳು. ಮನೆಯ ಸಾಮಾನೂ ಅವಳ ಹೆಸರಿನಲ್ಲೇ ಉಳಿಯುವುದಾದರೆ ಮದುವೆಯೇ ಬೇಡ ಅಂತ ಅವನು ಪಟ್ಟು ಹಿಡಿದ. ಬಿಟ್ಟುಕೊಡು ಎಂದು ಅವಳಿಗೆ ಬುದ್ಧಿ ಹೇಳಿದವನು ಗಲ್ಲಿಯೇ! ಇನ್ನು ಖರ್ಚು ಕಡಿಮೆ ಮಾಡಲು ಹೊರಟ ಚಾರ್ಲ್ಸ್‌ಗೆ ಕಾಕ್ಸ್ ದಂಡದ ಖರ್ಚು. ಅವಳಿಗೆ ಓದುವ ಮೂವರು ಗಂಡುಮಕ್ಕಳಿದ್ದರು.

ಇದು ಕೊಲೆ, ಆದರೆ ಯಾರ ಮೇಲೂ ಹೊರಿಸುವಷ್ಟು ಸಾಕ್ಷ್ಯವಿಲ್ಲ ಎಂದು ಜ್ಯೂರಿ ತೀರ್ಪು ಕೊಟ್ಟಿತು. ಫ್ಲಾರೆನ್ಸ್ 1878ರಲ್ಲಿ, 33ನೇ ವಯಸ್ಸಿಗೆ, ಕುಡಿತದಿಂದ ಸತ್ತಳು.

ನಿಮ್ಮ ಪತ್ತೇದಾರ ಅದೇ ರಾತ್ರಿ ಅಡುಗೆಮನೆಯಲ್ಲಿ ವಿಷ ಪತ್ತೆ ಮಾಡುವ ಅಧ್ಯಾಯ ತೆಗೆದುಬಿಡಿ. ಇಂಥ ವಿಷ ಪತ್ತೆಗೆ ಆಗ ಬಳಸುತ್ತಿದ್ದ ಮಾರ್ಷ್ ಪರೀಕ್ಷೆಯಲ್ಲಿ ಆರ್ಸೆನಿಕ್, ಆಂಟಿಮನಿ ಎರಡೂ ಗಾಜಿನ ಮೇಲೆ ಕಪ್ಪು ಕಲೆ ಬಿಡುತ್ತವೆ. ಹೈಪೋಕ್ಲೋರೈಟ್ ದ್ರಾವಣ ಹಾಕಿದಾಗ ಆರ್ಸೆನಿಕ್ ಕಲೆ ಕರಗುತ್ತದೆ, ಆಂಟಿಮನಿಯದು ಹಾಗೇ ಉಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಕು, ಪಳಗಿದ ಕೈ ಬೇಕು. ಗಂಡನನ್ನು ತಿಂಗಳುಗಟ್ಟಲೆ ಸೊರಗಿಸಬೇಕೆಂದಿದ್ದರೆ ಗ್ಲಾಸ್ಗೋದ ವೈದ್ಯ ಪ್ರಿಚರ್ಡ್‌ನ ಪ್ರಕರಣ ನೋಡಿ. ಹೆಂಡತಿಗೆ ಆಂಟಿಮನಿಯನ್ನು ಸ್ವಲ್ಪಸ್ವಲ್ಪವೇ ಕೊಟ್ಟು ಕಾಯಿಲೆಯೆಂದು ನಂಬಿಸಿ, 1865ರಲ್ಲಿ ಗಲ್ಲಿಗೇರಿದವನು ಅವನು.

ವಿಷವನ್ನೇ ಆರ್ಸೆನಿಕ್‌ಗೆ ಬದಲಾಯಿಸುವ ಯೋಚನೆ ಇದೆ ಅಂದಿದ್ದೀರಿ. ಹಾಗಾದರೆ ನೀರಿನ ಬಾಟಲಿ ಕೆಲಸಕ್ಕೆ ಬರುವುದಿಲ್ಲ. 1851ರ ಕಾಯಿದೆಯ ನಂತರ ಅಂಗಡಿಯಲ್ಲಿ ಚಿಲ್ಲರೆಯಾಗಿ ಕೊಳ್ಳುವ ಆರ್ಸೆನಿಕ್‌ಗೆ ಮಸಿಯನ್ನೋ ನೀಲಿಯನ್ನೋ ಬೆರೆಸಿರಬೇಕಿತ್ತು, ಕೊಂಡವರು ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಮೇಲಾಗಿ ಅದು ತಣ್ಣೀರಿನಲ್ಲಿ ಸರಿಯಾಗಿ ಕರಗದೆ ತಳದಲ್ಲಿ ಪುಡಿಯಾಗಿ ಕೂರುತ್ತದೆ. ಕೋಕೋ ಅಥವಾ ಗಟ್ಟಿ ಸೂಪಿಗೆ ಬೆರೆಸಿ, ಮತ್ತೆ ಅಡುಗೆಯವಳಿಂದ ಮಹಡಿಯವರೆಗೆ ಯಾರ ಕೈ ದಾಟಿ ಬಂತು ಅನ್ನುವ ಲೆಕ್ಕವನ್ನು ಹೊಸದಾಗಿ ಹಾಕಿ.

— ಸಂಪಾದಕ