ಸೀಡಿಯಾಗೆ ವೈಡ್‌ಬಾಡಿ ಕಿಟ್ ಹಾಕಿಸಬೇಕು, ಯಾವುದು ತೆಗೆದುಕೊಳ್ಳಲಿ?

ವೈಡ್‌ಬಾಡಿ ಕಿಟ್ ಅಂದರೆ ಚಕ್ರದ ಕಮಾನಿನ ಮೇಲೆ ಕೂರಿಸಿ ಗಾಡಿಯನ್ನು ಅಗಲ ಮಾಡುವ ಭಾಗಗಳು. ಅದರ ವಿಷಯ ಆಮೇಲೆ. ಮೊದಲು ವೀಲ್ ಯಾವುದು ಅಂತ ತೀರ್ಮಾನ ಮಾಡಿ.

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಿದ್ದು ಇಷ್ಟು. 2007ರ ಮಿತ್ಸುಬಿಷಿ ಲ್ಯಾನ್ಸರ್ ಸೀಡಿಯಾ. ಹಾಸನದಲ್ಲಿ ದಿನಾ ಓಡಿಸುತ್ತೀರಿ, ಆಗಾಗ ಸಕಲೇಶಪುರದ ಕಡೆ ತೋಟಕ್ಕೆ ಹೋಗುತ್ತೀರಿ. ಲಿಬರ್ಟಿ ವಾಕ್, ರಾಕೆಟ್ ಬನ್ನಿ ಅನ್ನುವ ಜಪಾನಿ ಕಿಟ್‌ಗಳ ಫೋಟೊಗಳನ್ನು ನೋಡಿ ತಲೆಗೆ ಹುಳ ಹೊಕ್ಕಿದೆ. ಆನ್‌ಲೈನ್‌ನಲ್ಲಿ ಒಂದು ಯೂನಿವರ್ಸಲ್ ಕಿಟ್ ನೋಡಿದ್ದೀರಿ, ಒಂದೊಂದು ಬದಿಗೆ 70 ಮಿ.ಮೀ. ಅಗಲ. ಅದನ್ನು ತರಿಸಲಾ, ಇಲ್ಲಾ ಇವೋ (ಲ್ಯಾನ್ಸರಿನ ರ‍್ಯಾಲಿ ರೂಪವಾದ ಲ್ಯಾನ್ಸರ್ ಇವೊಲ್ಯೂಶನ್) ಥರ ಮಾಡಿಸಲಾ ಅನ್ನುವುದು ಪ್ರಶ್ನೆ. ನಾನು ಚಿಕ್ಕಮಗಳೂರಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವವನು. ಇಲ್ಲಿಯವನಾದ ಮೇಲೆ ರ‍್ಯಾಲಿ ಗಾಡಿಗಳೂ ಕೈಗೆ ಬರುತ್ತವೆ. ಹಾಗಾಗಿ ತಗಡು ಕತ್ತರಿಸುವವನ ಕಣ್ಣಿನಿಂದ ಹೇಳುತ್ತೇನೆ, ಫೋಟೊ ತೆಗೆಯುವವನ ಕಣ್ಣಿನಿಂದ ಅಲ್ಲ.

70 ಮಿ.ಮೀ. ಅಂದರೆ ಎಷ್ಟು ಅಂತ ಒಮ್ಮೆ ಯೋಚನೆ ಮಾಡಿ. ಜಪಾನಿನಲ್ಲಿ ಚಿಕ್ಕ ಕಾರುಗಳ ವರ್ಗಕ್ಕೆ 1700 ಮಿ.ಮೀ. ಅಗಲದ ಮಿತಿ ಇದೆ. ಅದಕ್ಕೇ ಆ ಕಾಲದ ಎಷ್ಟೋ ಕಾರುಗಳು ಆ ಗೆರೆಯ ಒಳಗೇ ಕೂತಿವೆ. ನಿಮ್ಮ ಸೀಡಿಯಾ 1695. ಅದೇ ಮೈಕಟ್ಟಿನ ಮೇಲೆ ಮಿತ್ಸುಬಿಷಿ ಕಟ್ಟಿದ ಇವೋ 7 ಎಷ್ಟು ಗೊತ್ತಾ? 1770. ಸುಬಾರು 1998ರಲ್ಲಿ ಇಂಪ್ರೆಝಾ 22ಬಿ ತಂದಾಗ 1690ರಿಂದ 1770ಕ್ಕೆ ಹೋಯಿತು. ನಿಸಾನ್ ಸ್ಕೈಲೈನ್ ಆರ್32 ಮಾಮೂಲಿ ಮಾಡೆಲ್ 1695, ಜಿಟಿ-ಆರ್ 1755. ಲೆಕ್ಕ ಹಾಕಿ ನೋಡಿ, ಒಂದು ಬದಿಗೆ 30ರಿಂದ 40 ಮಿ.ಮೀ. ಅಷ್ಟೇ. ವಿಶ್ವ ರ‍್ಯಾಲಿ ಗೆಲ್ಲಬೇಕು, ಟ್ರ್ಯಾಕಿನಲ್ಲಿ ಎಲ್ಲರನ್ನೂ ಹಿಂದೆ ಹಾಕಬೇಕು ಅಂತ ಹೊರಟ ಕಂಪನಿಗಳೇ ಅಷ್ಟಕ್ಕೆ ನಿಲ್ಲಿಸಿವೆ. 70 ಅನ್ನುವುದು ಶೋ ಕಾರಿನ ಅಳತೆ. ತಪ್ಪು ಅಂತಲ್ಲ, ಆದರೆ ದಿನಾ ಓಡಿಸುವ ಗಾಡಿಯ ಅಳತೆ ಅಲ್ಲ.

ಇನ್ನು ವೀಲ್ ಲೆಕ್ಕ. ವೀಲಿನ ಹಿಂಭಾಗದಲ್ಲಿ ಅಗಲ ಇಂಚಿನಲ್ಲಿ, ಆಮೇಲೆ ಇಟಿ ಅಂತ ಒಂದು ಸಂಖ್ಯೆ ಇರುತ್ತದೆ. ಅದೇ ಆಫ್‌ಸೆಟ್, ಅಂದರೆ ವೀಲಿನ ನಟ್ಟನಡುವಿನಿಂದ ಹಬ್ (ವೀಲನ್ನು ಬೋಲ್ಟ್ ಮಾಡುವ ತಟ್ಟೆ) ತಾಗುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದು. ಸಂಖ್ಯೆ ಕಮ್ಮಿಯಾದಷ್ಟೂ ವೀಲ್ ಹೊರಗೆ ಬರುತ್ತದೆ. ಈಗ ನಿಮ್ಮದು 6 ಇಂಚು, ಇಟಿ 45 ಅಂತ ಇಟ್ಟುಕೊಳ್ಳೋಣ (ನಿಮ್ಮದನ್ನು ನೀವೇ ಬಿಚ್ಚಿ ನೋಡಿ). 6 ಇಂಚಿನ ಅರ್ಧ 76.2 ಮಿ.ಮೀ. ಅದರಲ್ಲಿ 45 ಕಳೆದರೆ 31.2. ಹಬ್ ಮುಖದಿಂದ ವೀಲ್ ಹೊರಗೆ ಚಾಚಿರುವುದು ಅಷ್ಟು. 45 ಕೂಡಿದರೆ 121.2, ಅದು ಒಳಗಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಇರುವ ಕಂಬ) ಕಡೆಗೆ ಹೋಗಿರುವುದು. ಈಗ 7 ಇಂಚು, ಇಟಿ 30 ಹಾಕಿ ನೋಡಿ. ಹೊರಗೆ 58.9, ಒಳಗೆ 118.9. ಅಂದರೆ ಹೊರಗೆ ಸುಮಾರು 28 ಮಿ.ಮೀ. ಬಂತು, ಒಳಗೆ ಸ್ವಲ್ಪ ಜಾಗವೇ ಸಿಕ್ಕಿತು. ಇದಕ್ಕೆ 25-30 ಮಿ.ಮೀ.ನ ಫ್ಲೇರ್ (ಚಕ್ರದ ಕಮಾನಿನ ಮೇಲೆ ಹೊರಗಿನಿಂದ ಕೂರಿಸುವ ಪಟ್ಟಿ) ಸಾಕು. ಆ 70ರ ಕಿಟ್ ತುಂಬಬೇಕು ಅಂದರೆ 9 ಇಂಚು, ಇಟಿ 10ರ ಹತ್ತಿರ ಬೇಕು. ಆಗಲೂ ಕಿಟ್ ತುಂಬಿದ ಹಾಗೆ ಕಾಣಬೇಕಲ್ಲ ಅಂತ ಹಲವರು ಇನ್ನೂ ಸ್ಪೇಸರ್ (ವೀಲನ್ನು ಹೊರಕ್ಕೆ ತಳ್ಳುವ ಬಿಲ್ಲೆ) ತುರುಕುತ್ತಾರೆ.

ಅಷ್ಟು ಹೊರಗೆ ತಂದರೆ ಆಗುವುದೇನು? ಗಾಡಿಯ ನಿಲುವು ಅಗಲವಾದರೆ ತಿರುವಿನಲ್ಲಿ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದು ಕಮ್ಮಿಯಾಗುತ್ತದೆ, ಅದು ನಿಜ. ಆದರೆ ಆಫ್‌ಸೆಟ್ ಇಳಿಸಿ ಅಗಲ ಮಾಡಿದಾಗ ವೀಲ್ ಬೇರಿಂಗಿನ ಮೇಲೆ ಎಳೆತ ಜಾಸ್ತಿ. ಸ್ಟೀರಿಂಗ್ ಭಾರ. ಒಂದು ಬದಿಯ ವೀಲ್ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಚಕ್ರದ ಸನ್ನೆ ಉದ್ದವಾಗಿ ಅದೇ ಸ್ಪ್ರಿಂಗ್ ಮೆತ್ತಗೆ ಕೆಲಸ ಮಾಡುತ್ತದೆ, ಟಯರ್ ಮೇಲಕ್ಕೆ ಬಂದು ಮಡ್‌ಗಾರ್ಡಿಗೆ ತಾಗುತ್ತದೆ. ಇಷ್ಟೆಲ್ಲ ಮಾಡಿ ಒಳಗಿರುವ ಎಂಜಿನ್ 2 ಲೀಟರ್, 115 ಕುದುರೆ. ಬೇಜಾರು ಮಾಡಿಕೊಳ್ಳಬೇಡಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಆಗಿಬಿಡುತ್ತದೆ. 9 ಇಂಚಿನ ವೀಲು, ಅಗಲದ ಟಯರು ಎರಡರ ತೂಕವನ್ನೂ ಅದೇ ಎಂಜಿನ್ ತಿರುಗಿಸಬೇಕು ಅಲ್ವಾ.

ವೀಲ್ ಕೊಳ್ಳುವಾಗ ಇನ್ನೊಂದು ವಿಷಯ. ಸೀಡಿಯಾದ ಬೋಲ್ಟ್ ಅಳತೆ 5 × 114.3, ಅಂದರೆ ಐದು ಬೋಲ್ಟ್, ಅವು ಕೂರುವ ವೃತ್ತದ ಅಗಲ 114.3 ಮಿ.ಮೀ. (ಕೊಳ್ಳುವ ಮುಂಚೆ ನಿಮ್ಮದನ್ನು ಅಳೆದು ನೋಡಿ). ಇದು ಜಪಾನಿ ಕಾರುಗಳಲ್ಲಿ ತುಂಬ ಸಾಮಾನ್ಯ, ವೀಲ್ ಸಿಗುವುದು ಕಷ್ಟ ಇಲ್ಲ. ಮಧ್ಯದ ಹಬ್ ತೂತು ಮಾತ್ರ 67.1. ದೊಡ್ಡ ತೂತಿನ ವೀಲ್ ಬಂದರೆ ಸಂದಿ ತುಂಬುವ ಹಬ್ ರಿಂಗ್ ಹಾಕಿಸಿ, ಸುಮ್ನೆ ನಟ್ ಬಿಗಿ ಮಾಡಿ ಬಿಡಬೇಡಿ. ಸ್ಪೀಡಿನಲ್ಲಿ ನಡುಕ ಬಂದಾಗ ಬ್ಯಾಲೆನ್ಸಿಂಗ್ ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ.

ವೀಲ್ ಬಂದ ಮೇಲೆ, ಕಿಟ್‌ಗೆ ದುಡ್ಡು ಕೊಡುವ ಮುಂಚೆ, ಒಂದು ಕೆಲಸ ಮಾಡಿಸಿ. ಸ್ಪ್ರಿಂಗ್ ಬಿಚ್ಚಿಸಿ, ಬರೀ ಶಾಕ್ ಮೇಲೆ ವೀಲ್ ಹಾಕಿಸಿ. ಕೆಳಗಿನಿಂದ ಜಾಕ್ ಕೊಟ್ಟು ವೀಲನ್ನು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಮುಟ್ಟುವವರೆಗೂ ಎತ್ತಿಸಿ. ಮುಂದಿನದಾದರೆ ಅದೇ ಎತ್ತರದಲ್ಲಿ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಎಲ್ಲಿ ತಾಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾಡಿ ಸಮತಟ್ಟಿನಲ್ಲಿ ನಿಂತಾಗ ಎರಡು ಬೆರಳು ಜಾಗ ಕಂಡರೆ ಸಾಕು ಅಂತ ಹೇಳುವವರು ನಮ್ಮ ಕಡೆಯ ಹಂಪ್ ನೋಡಿಲ್ಲ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಒಂದು ಮೂಟೆ ಇಟ್ಟುಕೊಂಡು ಊರೂರಿನ ಹಂಪ್ ಹಾರಿಸುವ ಗಾಡಿಗೆ ಆ ಎರಡು ಬೆರಳು ಎಲ್ಲಿ ಉಳಿಯುತ್ತದೆ?

ಈಗ ಕತ್ತರಿಸುವ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯ ಅನಿಸುವುದು ಇದೇ. ಮುಂದಿನ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹಾಳಾದರೆ ಇನ್ನೊಂದು ಹಾಕಬಹುದು. ಹಿಂದಿನದು ಹಾಗಲ್ಲ. ಅದು ಮೈಗೇ ವೆಲ್ಡ್ ಆಗಿರುವ ಕ್ವಾರ್ಟರ್ ಪ್ಯಾನಲ್. ಅದರಲ್ಲಿ ಎರಡು ತಗಡು ಇದೆ, ಹೊರಗಿನದೊಂದು, ಒಳಗಿನದೊಂದು. ಎರಡೂ ಚಕ್ರದ ಕಮಾನಿನ ಅಂಚಿನಲ್ಲಿ ಸೇರಿ ಸ್ಪಾಟ್ ವೆಲ್ಡ್ ಆಗಿರುತ್ತವೆ. 70ರ ಕಿಟ್ ಹಾಕಿ ದೊಡ್ಡ ವೀಲ್ ಕೂರಿಸಬೇಕು ಅಂದರೆ ಆ ಅಂಚನ್ನೇ ಕತ್ತರಿಸಬೇಕು. ಕತ್ತರಿಸಿದ ತಕ್ಷಣ ಎರಡು ತಗಡಿನ ನಡುವೆ ಬಾಯಿ ತೆರೆದುಕೊಳ್ಳುತ್ತದೆ. ಸರಿಯಾದ ಕೆಲಸ ಅಂದರೆ ಹೊರಗಿನ ತಗಡನ್ನು ಮೇಲೆ ಕತ್ತರಿಸಿ, ಒಳಗಿನದನ್ನು ಕೆಳಗೆ ಉಳಿಸಿ, ಅದನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದೊಂದೇ ಪಟ್ಟಿಯನ್ನು ಮೇಲಕ್ಕೆ ಮಡಚಿ ಹೊರಗಿನದಕ್ಕೆ ವೆಲ್ಡ್ ಮಾಡಬೇಕು. ಪಟ್ಟಿಗಳ ನಡುವಿನ ಸಂದಿಗೂ ತಗಡು ತುಂಬಬೇಕು. ಆಮೇಲೆ ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್, ಒಳಗಡೆ ಮೇಣದ ಸ್ಪ್ರೇ. ಎರಡು ಬದಿಗೂ ಇಷ್ಟೂ ಮಾಡಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೂಲಿ ಜಾಸ್ತಿ. ಹಾಗಾಗಿ ಏನು ಮಾಡುತ್ತಾರೆ? ಗ್ರೈಂಡರ್ ಆಡಿಸಿ ಕತ್ತರಿಸಿ, ಬಾಯಿಗೆ ಸಿಲಿಕಾನ್ ತುಂಬಿ, ಮೇಲೆ ಫೈಬರ್ ಮುಚ್ಚಿ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬಂದ ಒಂದು ಗಾಡಿಯ ಫ್ಲೇರನ್ನು ನಾನೇ ಬಿಚ್ಚಿದ್ದೆ. ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ತಗಡು ಬಿಸ್ಕತ್ತಿನ ಹಾಗೆ ಮುರಿದು ಬಂತು. ಡಿಕ್ಕಿಯ ಕಾರ್ಪೆಟ್ ಕೆಳಗೆ ನೀರು. ಬಿಸಿಲೂರಿನಲ್ಲಿ ಇದು ಹತ್ತು ವರ್ಷ ತಡೆಯಬಹುದು. ಜೂನಿನಿಂದ ಮಳೆ ಹಿಡಿಯುವ ಸಕಲೇಶಪುರ, ಮೂಡಿಗೆರೆ ಕಡೆ ಓಡಿಸಿದರೆ ತಡೆಯುವುದಿಲ್ಲ.

ಅದಕ್ಕೇ ನಿಮ್ಮ ಗಾಡಿಗೆ ನನ್ನ ಮಾತು: ಹಿಂದೆ ಕತ್ತರಿಸುವ ಯಾವ ಕಿಟ್ಟೂ ಬೇಡ. ಅಂಚನ್ನು ರೋಲ್ ಮಾಡಿ ಒಳಕ್ಕೆ ಮಡಚಿಸಿ, ಅಷ್ಟರಲ್ಲಿ ಕೂರುವ ವೀಲ್ ಹಾಕಿ, ಅದನ್ನು ಮುಚ್ಚುವಷ್ಟು ಫ್ಲೇರ್ ತೆಗೆದುಕೊಳ್ಳಿ.

ಇವೋ ಥರ ಮಾಡಿಸಲಾ ಅಂತ ಕೇಳಿದ್ದೀರಿ. ಮುಂದಿನ ಭಾಗಕ್ಕೆ ಒಳ್ಳೆಯ ಯೋಚನೆ. ಇವೋ ಆಕಾರದ ಫೈಬರ್ ಮಡ್‌ಗಾರ್ಡ್, ಬಂಪರ್ ಎರಡನ್ನೂ ಒಟ್ಟಿಗೆ ತರಿಸಬೇಕು, ಬರೀ ಒಂದನ್ನು ತಂದರೆ ಇನ್ನೊಂದಕ್ಕೆ ಸೇರುವುದಿಲ್ಲ. ಹಿಂದೆ ಇವೋದ ಉಬ್ಬು ಬಾಗಿಲಿನ ಅಂಚಿನಿಂದಲೇ ಶುರುವಾಗುತ್ತದೆ, ಕ್ವಾರ್ಟರ್ ಪ್ಯಾನಲೇ ಬೇರೆ. ಅದನ್ನು ತಗಡಿನ ಮೇಲೆ ಫೈಬರ್ ಅಂಟಿಸಿ, ಪುಟ್ಟಿ ಬಳಿದು ಉಬ್ಬಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ತಗಡು ಬಿಸಿಲಿಗೆ ಹಿಗ್ಗುವುದು ಒಂದು ಥರ, ಫೈಬರ್ ಹಿಗ್ಗುವುದು ಇನ್ನೊಂದು ಥರ. ಸೇರಿಸಿ ಪೇಂಟ್ ಹೊಡೆದ ಜಾಗದಲ್ಲಿ ಗೆರೆ ಬಿದ್ದೇ ಬೀಳುತ್ತದೆ. ಬೋಲ್ಟ್ ಕಾಣುವ ಫ್ಲೇರೇ ವಾಸಿ. 1971ರ ಫೇರ್‌ಲೇಡಿ 240ಝಡ್‌ಜಿಗೆ ನಿಸಾನ್ ಕಂಪನಿಯೇ ಹಾಗೆ ಹೊರಗಿನಿಂದ ಫ್ಲೇರ್ ಕೂರಿಸಿ ಮಾರಿತ್ತು, ಇದು ಬಡವರ ಉಪಾಯ ಏನೂ ಅಲ್ಲ. ಸ್ಟೇನ್‌ಲೆಸ್ ಬೋಲ್ಟ್, ತಗಡಿನಲ್ಲಿ ರಿವ್‌ನಟ್ (ತೂತಿನಲ್ಲೇ ಕಚ್ಚಿಕೊಳ್ಳುವ ನಟ್), ಕೊರೆದ ಪ್ರತಿ ತೂತಿನ ಬಾಯಿಗೆ ಪ್ರೈಮರ್, ನಡುವೆ ರಬ್ಬರ್ ಬೀಡಿಂಗ್. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಮಣ್ಣು ತೊಳೆದು ಮತ್ತೆ ಹಾಕಬಹುದು.

ಇನ್ನು ಬ್ರ್ಯಾಂಡ್. ಲಿಬರ್ಟಿ ವಾಕ್ ವಟಾರು ಕಾಟೊ ಅವರದ್ದು, ರಾಕೆಟ್ ಬನ್ನಿ ಮತ್ತು ಪ್ಯಾಂಡೆಮ್ ಕ್ಯೋಟೊದ ಕೇ ಮಿಯುರಾ ಅವರದ್ದು. ಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮಿಯುರಾ ಗಾಡಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಆಕಾರ ಕೊಡುತ್ತಾರೆ, ಅದಕ್ಕೇ ಎಡ ಬಲ ಒಂದೇ ಥರ ಕೂರುತ್ತದೆ. ಆದರೆ ಅವರ ಹೆಸರು ಮಾಡಿದ ಕಿಟ್‌ಗಳೆಲ್ಲ ಜಿಟಿ-ಆರ್, ಟೊಯೋಟಾ 86, ಸಿಲ್ವಿಯಾ ಥರದ ಎರಡು ಬಾಗಿಲಿನ ಗಾಡಿಗಳಿಗೆ. ನಿಮ್ಮ ಹಿಂದಿನ ಬಾಗಿಲು ಚಕ್ರದ ಕಮಾನಿಗೇ ಬಂದು ಸೇರುತ್ತದೆ. ಫ್ಲೇರ್ ಅಲ್ಲಿ ಎರಡು ತುಂಡಾಗಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯಲು ಆಗುವುದಿಲ್ಲ. ಯೂನಿವರ್ಸಲ್ ಕಿಟ್ ಮಾರುವವರು ಈ ಮಾತನ್ನು ಹೇಳುವುದೇ ಇಲ್ಲ.

ಫೈಬರ್ ಕೊಳ್ಳುವಾಗ ಬಣ್ಣ ನೋಡಬೇಡಿ, ಹಿಂಭಾಗ ನೋಡಿ. ಬೆಳಕಿಗೆ ಹಿಡಿದರೆ ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಮ್ಯಾಟ್‌ನ ಎಳೆ ಒಣಗಿ ಬಿಳಿಯಾಗಿ ಎದ್ದಿದ್ದರೆ ರೆಸಿನ್ ಹೀರಿಲ್ಲ ಅಂತ ಅರ್ಥ. ಎಡ, ಬಲ ಎರಡನ್ನೂ ನೆಲದ ಮೇಲೆ ಎದುರು ಬದುರು ಇಡಿ, ತಿರುಚಿದ್ದರೆ ಗೊತ್ತಾಗುತ್ತದೆ. ಫೈಬರಿನ ಒಂದು ಒಳ್ಳೆಯ ಗುಣ ಅಂದರೆ ಒಡೆದರೆ ಮ್ಯಾಟ್, ರೆಸಿನ್ ಹಾಕಿ ಇಲ್ಲೇ ಸರಿ ಮಾಡಬಹುದು. ತೋಟದ ರಸ್ತೆಯ ಕಲ್ಲಿಗೆ ಮೆತ್ತಗೆ ಬಗ್ಗುವ ಪಾಲಿಯುರೆಥೇನ್ ಇನ್ನೂ ವಾಸಿ, ಸಿಕ್ಕರೆ ಬಿಡಬೇಡಿ. ಕಾರ್ಬನ್ ನಿಮಗೆ ಬೇಡ.

ಕಾನೂನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಸೆಕ್ಷನ್ 182ಎ ಅಡಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನಿಮ್ಮದು 2007ರದ್ದು, ಹದಿನೈದು ವರ್ಷ ದಾಟಿದೆ. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ತೆಗೆಯುತ್ತಾರೆ. ಜಪಾನಿನಲ್ಲಿ ಎಲ್ಲ ಆರಾಮ ಅಂದುಕೊಳ್ಳಬೇಡಿ, ಅಲ್ಲೂ ದಾಖಲೆಗಿಂತ 20 ಮಿ.ಮೀ.ಗೂ ಹೆಚ್ಚು ಅಗಲ ಮಾಡಿದರೆ ಮತ್ತೆ ತಪಾಸಣೆ ಮಾಡಿಸಿ ನೋಂದಣಿ ಬದಲಾಯಿಸಬೇಕು. ಹಾಗಾಗಿ ಕೈ ಹಾಕುವ ಮುಂಚೆ ಹಾಸನ ಆರ್‌ಟಿಒ ಕಚೇರಿಗೆ ಹೋಗಿ ನಿಮ್ಮ ಗಾಡಿಗೆ ಯಾವುದಕ್ಕೆ ಒಪ್ಪಿಗೆ ಸಿಗುತ್ತದೆ ಅಂತ ಕೇಳಿ. ಅವರು ಆಗಲ್ಲ ಅಂದರೆ ಗಾಡಿಯನ್ನು ರಸ್ತೆಗೆ ಹಾಗೇ ಬಿಡಿ, ಫ್ಲೇರ್ ಹಾಕುವುದು ಟ್ರ್ಯಾಕಿಗೆ ಇಳಿಸುವ ದಿನಕ್ಕೆ ಇರಲಿ. ಬೋಲ್ಟ್ ಹಾಕಿದ್ದನ್ನು ಬಿಚ್ಚಬಹುದು, ಕತ್ತರಿಸಿದ ಕ್ವಾರ್ಟರ್ ಪ್ಯಾನಲ್ ವಾಪಸ್ ಬರುವುದಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳೇ ನಡೆದಿವೆ, ನೀವೂ ನೋಡಿರಬಹುದು. ಆ ಗಾಡಿಗಳಲ್ಲಿ ಜನ ಗಮನಿಸದೆ ಬಿಡುವುದು ಮಡ್‌ಫ್ಲಾಪ್. ವೀಲ್ 28 ಮಿ.ಮೀ. ಹೊರಗೆ ಬಂದರೂ ಜಲ್ಲಿ ನೇರ ಬಾಗಿಲಿಗೆ, ಹಿಂದಿನ ಫ್ಲೇರಿಗೆ ಹೊಡೆಯುತ್ತದೆ. ನಾಲ್ಕಕ್ಕೂ ಫ್ಲಾಪ್ ಹಾಕಿಸಿ. ಟಯರ್ 16 ಇಂಚಿನ 205/55 ಸಾಕು, ಗೋಡೆ ಎತ್ತರ ಇರುವುದರಿಂದ ಗುಂಡಿಗೆ ಬಿದ್ದರೂ ಅಲಾಯ್ ಉಳಿಯುತ್ತದೆ. ಗಾಡಿ ತಗ್ಗಿಸುವ ಮಾತು ಸದ್ಯಕ್ಕೆ ಎತ್ತಬೇಡಿ.

ನಿಮ್ಮ ಈಗಿನ ವೀಲಿನ ಹಿಂದೆ ಇರುವ ಅಗಲ, ಇಟಿ ಎರಡನ್ನೂ ಕೆಳಗೆ ಬರೆಯಿರಿ. ಹಿಂದಿನ ಕಮಾನಿನ ಅಂಚಿನಿಂದ ಟಯರಿನ ಹೊರ ಮೈಗೆ ಎಷ್ಟು ಜಾಗ ಇದೆ ಅಂತಲೂ ಅಳೆದು ಹೇಳಿ. ಫ್ಲೇರ್ 25ರದ್ದು ಸಾಕಾ, 30 ಬೇಕಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ.