ಗೋಡೆಯ ಬೂಷ್ಟು ಮತ್ತು ಸೈನಸ್ ತೊಂದರೆ

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷಗಳಿಂದ ಮೂಗು ಕಟ್ಟುತ್ತದೆ, ಕೆನ್ನೆ ಮತ್ತು ಹಣೆ ಭಾರವೆನಿಸುತ್ತವೆ, ವಾಸನೆ ಸರಿಯಾಗಿ ತಿಳಿಯುವುದಿಲ್ಲ. ನಾಲ್ಕು ಬಾರಿ ಆಂಟಿಬಯಾಟಿಕ್ ತೆಗೆದುಕೊಂಡರೂ ತೊಂದರೆ ಮರುಕಳಿಸುತ್ತಿದೆ. ಮಲಗುವ ಕೋಣೆಯ ಕಪಾಟಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಹಿಡಿದಿರುವುದನ್ನು ಈಚೆಗೆ ನೋಡಿದೆ. ಅದೇ ಕಾರಣವೇ? ಶಿಲೀಂಧ್ರನಾಶಕ ಮಾತ್ರೆ ನುಂಗಿದರೆ ಗುಣವಾಗುತ್ತದೆಯೇ?

ಉತ್ತರ: ಬೂಷ್ಟು ನಿಮ್ಮ ತೊಂದರೆಯನ್ನು ಹೆಚ್ಚಿಸುತ್ತಿರುವ ಸಾಧ್ಯತೆ ಇದೆ, ಆದರೆ ಮಾತ್ರೆಯ ವಿಚಾರದಲ್ಲಿ ಅವಸರ ಬೇಡ. ಶಿಲೀಂಧ್ರದ ಬೀಜಾಣುಗಳು ಗಾಳಿಯಲ್ಲಿ ಸದಾ ಇರುವುದರಿಂದ ಅವು ಎಲ್ಲರ ಮೂಗನ್ನೂ ಸೇರುತ್ತವೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ದೀರ್ಘಕಾಲದ ಸೈನಸ್ (ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳು) ಉರಿಯೂತವಿದ್ದ 210 ಜನರ ಮೂಗಿನ ಲೋಳೆಯನ್ನು ಪರೀಕ್ಷಿಸಿದಾಗ 202 ಜನರಲ್ಲಿ ಶಿಲೀಂಧ್ರ ಕಂಡುಬಂತು. ಹೋಲಿಕೆಗೆಂದು ಪರೀಕ್ಷಿಸಿದ ಆರೋಗ್ಯವಂತರಲ್ಲಿಯೂ ಅದು ಇತ್ತು. ಅಂದರೆ ಮೂಗಿನಲ್ಲಿ ಶಿಲೀಂಧ್ರ ಇರುವುದೇ ರೋಗವಲ್ಲ, ಕೆಲವರ ದೇಹ ಅದಕ್ಕೆ ಅತಿಯಾಗಿ ಪ್ರತಿಕ್ರಿಯಿಸಿದಾಗ ಒಳಪೊರೆ ಊದಿಕೊಂಡು, ಸೈನಸ್‌ನ ಕಿರಿದಾದ ಬಾಯಿ ಮುಚ್ಚಿ, ಲೋಳೆ ಒಳಗೇ ನಿಲ್ಲುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಈ ಅಲರ್ಜಿಯನ್ನು ತಗ್ಗಿಸುವುದಿಲ್ಲ.

ಆದ್ದರಿಂದ ಕಿವಿ, ಮೂಗು, ಗಂಟಲು ತಜ್ಞರನ್ನು ಕಂಡು ಎಂಡೊಸ್ಕೋಪಿ (ಕ್ಯಾಮೆರಾ ಇರುವ ತೆಳು ನಳಿಕೆಯಿಂದ ಮೂಗಿನೊಳಗೆ ನೋಡುವುದು), ಅಲರ್ಜಿ ಪರೀಕ್ಷೆ ಮತ್ತು ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಳ್ಳಿ. ಸ್ಟಿರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದು ಬಹಳ ಜನರಿಗೆ ನೆರವಾಗುತ್ತವೆ. ತೊಳೆಯುವ ನೀರನ್ನು ಮಾತ್ರ ಕುದಿಸಿ ಆರಿಸಿಯೇ ಬಳಸಬೇಕು. ಸೈನಸ್‌ನೊಳಗೆ ಶಿಲೀಂಧ್ರದ ಉಂಡೆ ಕಟ್ಟಿದ್ದರೆ, ಅಥವಾ ದುರ್ಮಾಂಸದೊಂದಿಗೆ ಅಂಟಿನಂಥ ಗಟ್ಟಿ ಲೋಳೆ ತುಂಬಿದ್ದರೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗೋಡೆ ಹಸಿಯಾಗಿಯೇ ಉಳಿದರೆ ನೀವು ರಾತ್ರಿಯಿಡೀ ಅದೇ ಗಾಳಿಯನ್ನು ಉಸಿರಾಡುತ್ತೀರಿ. ಬೂಷ್ಟಿನ ಮೇಲೆ ಬಣ್ಣ ಬಳಿದು ಮುಚ್ಚುವ ಬದಲು ನೀರು ಎಲ್ಲಿಂದ ಒಸರುತ್ತಿದೆ ಎಂದು ಹುಡುಕಿ ಸರಿಪಡಿಸಿ, ಕಪಾಟನ್ನು ಗೋಡೆಯಿಂದ ದೂರ ಸರಿಸಿ, ಕೋಣೆಯ ತೇವಾಂಶ ಶೇ 50 ಮೀರದಂತೆ ನೋಡಿಕೊಳ್ಳಿ. ಗೋಡೆ ಉಜ್ಜುವ ಕೆಲಸವನ್ನು ದಯವಿಟ್ಟು ನೀವೇ ಮಾಡಬೇಡಿ, ಬೀಜಾಣುಗಳು ಒಮ್ಮೆಗೇ ಮೇಲೇಳುತ್ತವೆ. ಅಲರ್ಜಿ ಇಲ್ಲದವರು ಮಾಸ್ಕ್ ಧರಿಸಿ ಮಾಡಲಿ.

ನಿಮಗೆ ಮಧುಮೇಹವಿದೆಯೇ ಎಂಬುದನ್ನು ನೀವು ಬರೆದಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮ್ಯೂಕರ್‌ನಂಥ ಶಿಲೀಂಧ್ರ ಕಣ್ಣು, ಮಿದುಳಿನವರೆಗೂ ಹಬ್ಬಬಲ್ಲದು. ಅಂಥವರಿಗೆ ಕಣ್ಣಿನ ಸುತ್ತ ಊತ, ದೃಷ್ಟಿ ಎರಡಾಗಿ ಕಾಣುವುದು, ಮುಖ ಜೋಮು ಹಿಡಿಯುವುದು ಅಥವಾ ಮೂಗಿನೊಳಗೆ ಕಪ್ಪು ಕಲೆ ಕಂಡರೆ ಮರುದಿನದವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಿಲೀಂಧ್ರನಾಶಕ ಔಷಧ ಜೀವ ಉಳಿಸುವ ಚಿಕಿತ್ಸೆಯ ಭಾಗವಾಗಿರುತ್ತದೆ.