ಬಾಣದ ಬಾಲ ಸಪೂರ ಮಾಡೋದು ಹೇಗೆ?

ಪ್ರಶ್ನೆ: ಮರದ ಬಾಣ ನಾನೇ ಮಾಡುತ್ತಿದ್ದೇನೆ. ಕೋಲಿನ ಹಿಂದಿನ ತುದಿ ಸಪೂರ ಇರಬೇಕಂತೆ. ಮನೆಯಲ್ಲಿ ಮಷಿನ್ ಇಲ್ಲ, ಕೈಯಲ್ಲೇ ಆಗುತ್ತಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಖಂಡಿತ ಆಗುತ್ತದೆ ಮಾರಾಯ್ರೆ. ಸಣ್ಣ ಕೀಸುಳಿ, ಸ್ಯಾಂಡ್‌ಪೇಪರ್, ಅಳೆಯಲು ವರ್ನಿಯರ್ ಸಾಕು. 11/32 ಇಂಚು ದಪ್ಪದ ಕೋಲಾದರೆ ಕೊನೆಯ 9 ಇಂಚಿನಲ್ಲಿ ನಿಧಾನಕ್ಕೆ ಇಳಿದು ತುದಿಗೆ 5/16 ಆಗಬೇಕು, ಅಂದ್ರೆ ತೆಗೆಯುವುದು 1 ಮಿಲಿಮೀಟರಿಗಿಂತಲೂ ಕಡಿಮೆ. ಅವಸರ ಬೇಡ.

ಹಲಗೆಯಲ್ಲಿ ವಿ ಆಕಾರದ ತೋಡು ಮಾಡಿ ಕೋಲನ್ನು ಮಲಗಿಸಿ. ತುದಿಯಿಂದ 3, 6, 9 ಇಂಚಿಗೆ ಪೆನ್ಸಿಲ್ ಗುರುತು ಹಾಕಿ. ಮೊದಲು 3ರ ಗುರುತಿನಿಂದ ತುದಿಯ ಕಡೆಗೆ ಕೀಸಿ, ಪ್ರತಿ ಸಲ ಕೋಲನ್ನು ಚೂರು ತಿರುಗಿಸುತ್ತಾ ಒಂದು ಸುತ್ತು ಮುಗಿಸಿ, ಆಮೇಲೆ 6ರಿಂದ, ಕೊನೆಗೆ 9ರಿಂದ. ಸಿಪ್ಪೆ ಈರುಳ್ಳಿಯದರ ಹಾಗೆ ತೆಳ್ಳಗೆ ಬರಬೇಕು. ದಪ್ಪ ಬಂದರೆ ಅಲಗು ಜಾಸ್ತಿ ಹೊರಗಿದೆ ಅಂತ ಅರ್ಥ. ತುದಿಯಿಂದ ಒಳಕ್ಕೆ ಮಾತ್ರ ಕೀಸಬೇಡಿ, ಎಳೆ ಕಿತ್ತು ಬರುತ್ತದೆ. ನಾನು ಹಾಗೆ ಎರಡು ಕೋಲು ಬಚ್ಚಲ ಒಲೆಗೆ ಹಾಕಿದ್ದೇನೆ!

ಆಮೇಲೆ ಸ್ಯಾಂಡ್‌ಪೇಪರ್ ಸುತ್ತಿ ಹಿಡಿದು ಕೋಲು ತಿರುಗಿಸಿ, ಗುಂಡಗಾಗುತ್ತದೆ. ಬಾಲ ಹಗುರಾದರೆ ಬಾಣ ಬಿಲ್ಲಿಗೆ ತಾಗದೆ ಸಲೀಸಾಗಿ ದಾಟುತ್ತದೆ, ಇಷ್ಟೆಲ್ಲ ಕಷ್ಟ ಅದಕ್ಕೇ. ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ತೇವ ಹೀರುವ ಮೊದಲು ವಾರ್ನಿಶ್ ಹೊಡೆದುಬಿಡಿ.